ತೊಡೆ ಕೊಟ್ಟವಳು

ಬೀದಿ ತಿರುವಿನಲ್ಲಿ ಕಟ್ಟಿದ ಫ್ಲೆಕ್ಸನ್ನು ಇನ್ನೂ ಬಿಚ್ಚಿಲ್ಲ. ಅವಳು ಸತ್ತ ಹದಿನಾರನೇ ದಿನಕ್ಕೆ ಕಟ್ಟಿದ್ದು. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಗೆ ಒಂದು ಮೂಲೆ ಕಿತ್ತುಕೊಂಡು ಪಟಪಟ ಹೊಡೆದುಕೊಂಡಿತು, ಆಮೇಲೆ ದೀಪಾವಳಿ ಹೊತ್ತಿನ ಮಳೆಗೆ ಬಣ್ಣ ಇಳಿಯಿತು. ಆದರೂ ಬಿಚ್ಚಿಲ್ಲ. ನಡುವೆ ಅವಳ ಫೋಟೋ. ಯಾವುದೋ ಕಾರ್ಡಿನ ಫೋಟೋ ತೆಗೆದು ದೊಡ್ಡದು ಮಾಡಿದ್ದಾರೆ, ಅದಕ್ಕೇ ಪೊಲೀಸರು ಹಿಡಿದು ತಂದವಳ ಹಾಗೆ ಕಾಣುತ್ತಾಳೆ. ಮೇಲೆ ತಮಿಳಿನಲ್ಲಿ 'ಮಕ್ಕಳ ತಾಯಿ, ದಾನದ ದೇವತೆ' ಅಂತ ಬರೆದಿದೆ. ಕೆಳಗೆ ಒಂದು ಸಾಲು ಗಂಡಸರು, ಕೈ ಮುಗಿದುಕೊಂಡು. ಒಬ್ಬೊಬ್ಬರ ಮೀಸೆಯೇ ಅವಳ ಮುಖದಷ್ಟಿದೆ. ಬಲಗಡೆಯಿಂದ ಎರಡನೆಯವನು ನನ್ನ ಮಗ.

ದಿನಾ ಹಾಲಿಗೆ ಹೋಗುವಾಗ ಅದನ್ನು ನೋಡುತ್ತೇನೆ. ದಿನಾ ಹೊಟ್ಟೆ ಉರಿಯುತ್ತದೆ. ಅದಕ್ಕೇ ಬರೆಯೋಕೆ ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕೊಳ್ಳೇಗಾಲದ ಹತ್ತಿರ ನನ್ನ ತವರಿನಲ್ಲಿ. ಮಗ್ಗದ ಮನೆಗೆ ಸೊಸೆಯಾಗಿ ಕೊಯಮತ್ತೂರಿನ ಹತ್ತಿರ ಸೂಲೂರಿನ ಈ ಕಡೆಗೆ ಬಂದೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯೊಳಗೂ ಕನ್ನಡವೇ, ಆದರೆ ಕನ್ನಡ ಓದೋಕೆ ಬರುವವರು ಒಬ್ಬರೂ ಇಲ್ಲ. ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತವರಂತೂ ಓದುವುದಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯಬಹುದು. ಅವಳ ಹೆಸರು ಬರೆಯುವುದಿಲ್ಲ. ಹೆಸರನ್ನು ಅವರು ಆ ಫ್ಲೆಕ್ಸಿನಲ್ಲಿ ಹಾಕಿಕೊಂಡಿದ್ದಾರೆ, ಅಲ್ಲೇ ಇರಲಿ.

ದಾನದ ದೇವತೆಯಂತೆ! ಅವಳ ಹತ್ತಿರ ದಾನ ಮಾಡೋಕೆ ಏನಿತ್ತು? ನಲವತ್ತು ವರ್ಷ ಗೋಡೆ ಪಕ್ಕದಲ್ಲಿ ಇದ್ದವಳು ನಾನು. ಅವಳು ಕೊಟ್ಟದ್ದಕ್ಕಿಂತ ಕೇಳಿದ್ದೇ ಹೆಚ್ಚು. ಬೆಳಗಾದರೆ ಹಿತ್ತಲ ಗೋಡೆ ಮೇಲೆ ಅವಳ ತಲೆ ಕಾಣುತ್ತಿತ್ತು. "ಅಕ್ಕ, ಒಂದ್ ಹಿಡಿ ರಾಗಿ ಕೊಡು." "ಅಕ್ಕ, ನಿನ್ನ ಹಳೇ ಸೀರೆ ಒಂದು ಕೊಡು, ತೊಟ್ಟಿಲು ಕಟ್ಟಬೇಕು." "ಅಕ್ಕ, ನಿಮ್ಮನೇಲಿ ಬಜೆ ಇದೆಯಾ, ಮಗೂಗೆ ಹೊಟ್ಟೆ ಉಬ್ಬರ." ಯಾವ ಮಗು? ಯಾವುದಾದರೂ ಒಂದು. ಅವಳಿಗೆ ಹುಟ್ಟಿದ್ದು ಒಂದೂ ಇಲ್ಲ. ಗಂಡ ಮದುವೆಯಾದ ವರ್ಷದೊಳಗೇ ಎತ್ತಲೋ ಹೊರಟುಹೋದ. ಇದ್ದಾನೋ ಸತ್ತನೋ ಗೊತ್ತಿಲ್ಲ. ತಾಳಿ ಮಾತ್ರ ಕತ್ತಿನಲ್ಲೇ ಇತ್ತು. ಇದರಿಂದ ನಮ್ಮ ಬೀದಿಯ ಹೆಂಗಸರಿಗೆ ದೊಡ್ಡ ತಲೆನೋವು. ಆರತಿ ತಟ್ಟೆ ಹಿಡಿಯೋಕೆ ಕರೆಯಬೇಕೋ, ಹಿಂದೆ ಕೂರಿಸಬೇಕೋ? ಕೊನೆಗೆ ಎರಡೂ ಬೇಡ ಅಂತ ಅಡುಗೆ ಮನೆಗೆ ಕಳಿಸುತ್ತಿದ್ದರು. ಅವಳು ಹೋಗುತ್ತಿದ್ದಳು. ಅಲ್ಲಿಯೂ ಯಾವುದಾದರೂ ಮಗು ಅಳುತ್ತಿರುತ್ತಲ್ಲ, ಅದನ್ನು ಎತ್ತಿಕೊಂಡು ಕೂರುತ್ತಿದ್ದಳು.

ತಾಳಿಯ ಜೊತೆ ಇನ್ನೊಂದು ದಾರ ಅವಳ ಕತ್ತಿನಲ್ಲಿತ್ತು, ಅದರ ತುದಿಗೆ ಒಂದು ಪುಟ್ಟ ಕತ್ತರಿ. ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಪಿಸಿರು ಕತ್ತರಿಸುವುದು ಅವಳ ಕೆಲಸ. ಹೊಲಿದ ಬನಿಯನ್ನಿನಲ್ಲಿ ಅಲ್ಲಲ್ಲಿ ನೂಲು ನೇತಾಡುತ್ತದಲ್ಲ, ಅದೇ ಪಿಸಿರು. ಫಾರಿನ್‌ಗೆ ಹೋಗುವ ಬಟ್ಟೆಯಲ್ಲಿ ಒಂದು ಎಳೆ ನೇತಾಡಿದರೂ ವಾಪಸ್ಸು. ಮಂಡಿ ನೋವು ಬಂದ ಮೇಲೆ ಕಂಪೆನಿಗೆ ಹೋಗುವುದು ಬಿಟ್ಟಳು, ಮೂಟೆ ಮನೆಗೇ ಬರುತ್ತಿತ್ತು. ಜಗುಲಿ ಮೇಲೆ ಕಾಲು ಚಾಚಿ, ಕಾಲ ಮೇಲೆ ಒಂದು ಮಗು ಮಲಗಿಸಿಕೊಂಡು, ಕೈಯಲ್ಲಿ ಬನಿಯನ್ ತಿರುಗಿಸಿ ತಿರುಗಿಸಿ ಕಚಕಚ ಕತ್ತರಿಸುತ್ತಿದ್ದಳು. ನಮ್ಮ ಬಟ್ಟೆಯನ್ನೂ ಬಿಡುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ನನ್ನ ಸೆರಗಿನ ಎಳೆ ಹಿಡಿದು ಕತ್ತರಿಸಿಬಿಡುತ್ತಿದ್ದಳು. "ಲೇ, ಮೈ ಮೇಲೆ ಕೈ ಹಾಕಬೇಡ ಕಣೆ" ಅಂದರೆ, "ನೇತಾಡ್ತಿದ್ರೆ ನನ್ನ ಕೈ ಸುಮ್ನಿರಲ್ಲ ಅಕ್ಕ" ಅನ್ನುತ್ತಿದ್ದಳು.

ಅವಳ ಕೇಳುವ ರೀತಿಯೇ ಒಂದು ಥರ. ಇಲ್ಲ ಅಂದರೆ ಮುಖ ಸಣ್ಣದು ಮಾಡುತ್ತಿರಲಿಲ್ಲ. "ಕೇಳೋದು ನನ್ನ ಕೆಲಸ, ಆಯ್ತು. ಕೊಡೋದು ಬಿಡೋದು ನಿಂದು" ಅಂತ ಹೇಳಿ ಹೋಗಿಬಿಡುತ್ತಿದ್ದಳು. ಮರುದಿನ ಅದೇ ಹೊತ್ತಿಗೆ ಅದೇ ಗೋಡೆ ಮೇಲೆ ಅದೇ ತಲೆ. ಅದೇ ಕೇಳಿಕೆ. ನೆನ್ನೆ ಇಲ್ಲ ಅಂದದ್ದು ನೆನಪೇ ಇಲ್ಲದವಳ ಹಾಗೆ. ನಮ್ಮ ಮನೆಯ ಬೆಳ್ಳಿ ಒಳಲೆ ಕೇಳಿದ್ದಳು, ಮಗುವಿಗೆ ಹಾಲು ಕುಡಿಸೋ ಮೂತಿ ಇರುವ ಬಟ್ಟಲು. ನನ್ನ ಅತ್ತೆ ಕಾಲದ್ದು. ನನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲ ಅದರಲ್ಲೇ ಕುಡಿದದ್ದು. ಹೊರಗೆ ಕೊಡುವ ಪದ್ಧತಿ ಇಲ್ಲ ಅಂದೆ. ಏಳು ದಿನ ಬಂದು ಕೇಳಿದಳು. ಎಂಟನೇ ದಿನ ಗೋಡೆ ಮೇಲೆ ಟಣ್ ಅಂತ ಇಟ್ಟು ಒಳಗೆ ಬಂದೆ. ಆ ಒಳಲೆ ಇವತ್ತಿಗೂ ವಾಪಸ್ ಬಂದಿಲ್ಲ.

ಒಳಲೆ ಕೇಳಿದ್ದು ಒಡಿಶಾದವರ ಮಗುವಿಗೆ.

ನಮ್ಮ ಹಿಂದಿನ ಬೀದಿಯಲ್ಲಿ ಲೈನ್ ಮನೆಗಳಿವೆ, ಸಾಲಾಗಿ ಒಂದೊಂದೇ ಕೋಣೆ. ಅಲ್ಲಿಗೆ ಒಂದು ಗಂಡ ಹೆಂಡತಿ ಬಂದರು. ಅವನು ಪವರ್‌ಲೂಮಿಗೆ, ಅವಳು ಬನಿಯನ್ ಕಂಪೆನಿಗೆ. ಅವಳ ಹೆಸರು ಸಬಿತಾ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ. ಅಪ್ಪ ಅಮ್ಮ ಸತ್ತಿದ್ದಾರೆ, ಅಣ್ಣ ತಮ್ಮ ಇಲ್ಲ. ಇಲ್ಲಿಗೆ ಬಂದ ವರ್ಷದೊಳಗೆ ಹೆಣ್ಣು ಮಗು ಆಯಿತು, ಮಿಲಿ ಅಂತ ಹೆಸರಿಟ್ಟರು. ಮೂರು ತಿಂಗಳಿಗೆ ತಾಯಿ ಕೆಲಸಕ್ಕೆ ಹೊರಟಳು. ಹೋಗದಿದ್ದರೆ ಆಗುತ್ತಿರಲಿಲ್ಲ. ಮಗುವನ್ನು ಯಾರ ಹತ್ತಿರ ಬಿಡುವುದು? ಸಬಿತಾ ಏನೂ ಕೇಳಿರಲಿಲ್ಲ. ನಮ್ಮವಳೇ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಆ ಹುಡುಗಿಗೆ ತಮಿಳು ಬರದು, ಇವಳಿಗೆ ಅವರ ಭಾಷೆ ಬರದು. ಇಬ್ಬರೂ ಕೈ ಬಾಯಿ ಆಡಿಸಿ ಏನೋ ಮಾತಾಡಿಕೊಂಡರು. ಸಂಜೆ ಕಂಪೆನಿ ವ್ಯಾನು ಬಂದಾಗ ಮಗುವಿಗೆ ಎಣ್ಣೆ ನೀರಾಗಿ, ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು, ನನ್ನ ಹಳೇ ಸೀರೆಯ ತೊಟ್ಟಿಲಲ್ಲಿ ಮಲಗಿತ್ತು.

ಅವಳು ಮಗು ಮೀಯಿಸುವುದನ್ನು ನೋಡಬೇಕಿತ್ತು. ಹಿತ್ತಲ ಕಲ್ಲಿನ ಮೇಲೆ ಕೂತು ಕಾಲು ಚಾಚಿ, ಮೊಣಕಾಲಿನ ನಡುವೆ ಮಗುವನ್ನು ಬೋರಲು ಹಾಕಿ, ಹರಳೆಣ್ಣೆ ತಿಕ್ಕಿ, ನೆತ್ತಿಗೆ ಚಪಚಪ ತಟ್ಟಿ, ಮೂಗು ಹಿಂಡಿ, ತಲೆಯನ್ನು ಅಂಗೈಯಲ್ಲಿ ಉರುಟು ಮಾಡಿ. ಮಗು ಊರು ಹಾರಿಹೋಗೋ ಹಾಗೆ ಕಿರುಚುತ್ತಿತ್ತು. ಅವಳು ಅದರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. "ಏನೇ, ನನ್ನೇ ಬೈತೀಯಾ? ಬೈಯಿ, ಬೈಯಿ. ನಿಮ್ಮವ್ವ ಬರಲಿ, ಹೇಳ್ತೀನಿ." ಕಂಪೆನಿಯಲ್ಲಿ ಬಿಸಾಡುವ ಬನಿಯನ್ ತುಂಡು ತರಿಸಿ, ಬಿಸಿನೀರಿನಲ್ಲಿ ಕುದಿಸಿ, ಮಡಿಚಿ ಇಟ್ಟುಕೊಳ್ಳುತ್ತಿದ್ದಳು. ಹತ್ತಿಯಂಥ ಬಟ್ಟೆ. ದೇಶಾಂತರದವರು ಎದೆ ಮೇಲೆ ಹಾಕಿಕೊಳ್ಳೋದು ಮಿಲಿ ಕುಂಡಿಗೆ ಬಂತು ಅಂತ ನಗುತ್ತಿದ್ದಳು. ರಾಗಿ ನೆನೆಸಿ ಅರೆದು, ಅದೇ ಬಟ್ಟೆಯಲ್ಲಿ ಸೋಸಿ, ಹಾಲು ಕಾಯಿಸಿ ಕುಡಿಸಿದಳು. ಆ ಮಗು ಮೊದಲು ಆಡಿದ ಮಾತು ಒಡಿಯಾ ಅಲ್ಲ, ತಮಿಳೂ ಅಲ್ಲ. 'ಬ್ಯಾಡ' ಅಂತ. ರಾಗಿ ಹಾಲು ಬ್ಯಾಡ. ನಮ್ಮ ಬೀದಿಯೆಲ್ಲ ನಕ್ಕಿತು. ನಗೋಕೆ ಎಲ್ಲರೂ ಬಂದರು.

ಮಿಲಿಗೆ ಎಂಟು ತಿಂಗಳಾದಾಗ ಎದೆಯಲ್ಲಿ ಕಫ ಕಟ್ಟಿಕೊಂಡು ಉಸಿರು ಎಳೆಯೋಕೆ ಶುರುವಾಯಿತು. ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹಾಕಿದರು. ಒಂಬತ್ತು ದಿನ. ತಾಯಿ ಒಳಗೆ, ಇವಳು ಹೊರಗೆ ಮರದ ಕೆಳಗೆ. ನಾನು ಒಂದು ದಿನ ಇಡ್ಲಿ ಕಟ್ಟಿಕೊಂಡು ಹೋಗಿದ್ದೆ. ನೋಡಿದರೆ ಮರದ ಬುಡದಲ್ಲಿ ಕೂತು ಯಾರನ್ನೋ ಬೈಯುತ್ತಿದ್ದಾಳೆ. ಹತ್ತಿರ ಯಾರೂ ಇಲ್ಲ. ನಮ್ಮ ಬೀದಿ ಗುಡಿಯ ಚೌಡಮ್ಮನನ್ನು ಬೈಯುತ್ತಿದ್ದಳು. "ಕಣ್ಣು ಕಾಣಲ್ವಾ ನಿಂಗೆ? ಶುಕ್ರವಾರ ಶುಕ್ರವಾರ ಎಣ್ಣೆ ಕುಡಿದು ಕೂತಿದ್ದೀಯಲ್ಲ. ಮಗು ಎದ್ದು ಬರಲಿ, ಅದರ ಮುಡಿ ನಿಂಗೆ, ಕಿವಿ ಚುಚ್ಚೋದು ನಿನ್ನ ಮುಂದೆ. ಎದ್ದು ಬರದಿದ್ರೆ ನಿನ್ನ ಬಾಗಿಲಿಗೆ ನಾನು ಕಾಲಿಡಲ್ಲ. ದೀಪ ಯಾರು ಹಚ್ತಾರೋ ನೋಡ್ತೀನಿ." ಅವಳ ಭಕ್ತಿ ಅಂದರೆ ಹೀಗೆ. ನಾವು ದೇವರ ಮುಂದೆ ಕೈ ಕಟ್ಟಿಕೊಂಡು ನಿಲ್ಲುತ್ತೇವೆ. ಅವಳು ದೇವರ ಹತ್ತಿರವೂ ಗೋಡೆ ಮೇಲೆ ತಲೆ ಇಟ್ಟೇ ಕೇಳುತ್ತಿದ್ದಳು.

ಮಗು ಎದ್ದು ಬಂತು. ಹರಕೆ ತೀರಿಸಬೇಕಲ್ಲ, ದೇವಸ್ಥಾನದ ಧರ್ಮಕರ್ತನ ಹತ್ತಿರ ಹೋಗಿ ಕೇಳಿದಳು. ಫ್ಲೆಕ್ಸಿನಲ್ಲಿ ನಟ್ಟ ನಡುವೆ ಇರೋದು ಅವನೇ.

"ಮುಡಿ ಕೊಡಲಿ, ಯಾರು ಬೇಡ ಅಂದರು?" ಅಂದನಂತೆ. "ಆದರೆ ಪದ್ಧತಿ ಪದ್ಧತಿಯೇ. ಸೋದರಮಾವನ ತೊಡೆ ಮೇಲೆ ಕೂರಿಸದೆ ಈ ಗುಡಿಯಲ್ಲಿ ಕತ್ತಿ ಮುಟ್ಟಿಸೋದಿಲ್ಲ. ಮಾವನನ್ನು ಕರೆದುಕೊಂಡು ಬಾ."

ಈ ಕಡೆಯಲ್ಲಿ ಅದು ದೊಡ್ಡ ವಿಷಯ. ಮಗುವಿನ ಮೊದಲ ಕೂದಲು ತೆಗೆಯುವಾಗ, ಕಿವಿ ಚುಚ್ಚುವಾಗ, ತಾಯಿಯ ಅಣ್ಣನೋ ತಮ್ಮನೋ ತೊಡೆ ಕೊಡಬೇಕು. ಕೊಟ್ಟವನು ಅಲ್ಲಿಗೆ ಮುಗಿಸಿ ಎದ್ದು ಹೋಗೋ ಹಾಗಿಲ್ಲ. ಹಬ್ಬ ಹಬ್ಬಕ್ಕೆ ಬಟ್ಟೆ, ಹುಡುಗಿ ದೊಡ್ಡವಳಾದಾಗ ಹಸಿ ಗರಿಯ ಗುಡಿಸಲು ಕಟ್ಟುವುದು, ಮದುವೆಯಲ್ಲಿ ತಟ್ಟೆ ತುಂಬ ಸೀರು, ಅಂದರೆ ತವರಿನ ಉಡುಗೊರೆ, ತರುವುದು, ಎಲ್ಲ ಅವನದೇ. ತೊಡೆ ಕೊಟ್ಟರೆ ಜನ್ಮ ಪೂರ್ತಿ ನೆಂಟ.

ಸಬಿತಾಳಿಗೆ ಅಣ್ಣ ಇಲ್ಲ, ತಮ್ಮ ಇಲ್ಲ. ಅದು ಧರ್ಮಕರ್ತನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಅವಳು ಬಿಡುವವಳಾ? ಬೀದಿಯ ಗಂಡಸರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದಳು. ಒಬ್ಬನಿಗೆ ಬೆನ್ನು ನೋವು ಬಂತು. ತೊಡೆ ಕೇಳಿದರೆ ಬೆನ್ನು ನೋವು! ಇನ್ನೊಬ್ಬ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದ. ಜೀವಮಾನದಲ್ಲಿ ಹೆಂಡತಿಯನ್ನು ಒಂದು ಮಾತು ಕೇಳಿದವನಲ್ಲ. ಮತ್ತೊಬ್ಬ, ಅವಳ ಕೈಯಲ್ಲೇ ಎಣ್ಣೆ ನೀರು ಹಾಕಿಸಿಕೊಂಡು ಬೆಳೆದವನು, "ಯಾವ ಜನವೋ ಏನೋ, ನಾಳೆ ಊರು ಬಿಟ್ಟು ಹೋಗ್ತಾರೆ, ನಮಗ್ಯಾಕೆ ಅತ್ತೆ" ಅಂದ. ಎಲ್ಲರೂ ಈಗ ಫ್ಲೆಕ್ಸಿನಲ್ಲಿದ್ದಾರೆ.

ಕೊನೆಗೆ ಗೋಡೆ ಮೇಲೆ ತಲೆ ಬಂತು.

"ಅಕ್ಕ, ನಿನ್ನ ಮಗನ ತೊಡೆ ಬೇಕು."

"ಬೇಡ."

"ಯಾಕೆ ಬೇಡ?"

"ಅವರು ನಮ್ಮ ಜನ ಅಲ್ಲ."

"ಮಗು ನಿಮ್ಮದಲ್ಲ, ಸರಿ. ತೊಡೆ ನಿಮ್ಮದೇ ತಾನೆ?"

ನನಗೆ ರೇಗಿತು. "ನಿನಗೆ ಮುಂದೆ ಹಿಂದೆ ಯಾರೂ ಇಲ್ಲ, ನೀನು ಏನು ಬೇಕಾದರೂ ಮಾಡಬಹುದು. ನನ್ನ ಮಗನಿಗೆ ಸ್ವಂತ ತಂಗಿ ಇದ್ದಾಳೆ, ಅವಳಿಗೆ ಎರಡು ಹೆಣ್ಣಿವೆ. ಮೊದಲು ಅವಕ್ಕೆ ಮಾಡಲಿ" ಅಂದೆ.

"ಸರಿ ಅಕ್ಕ. ಕೇಳೋದು ನನ್ನ ಕೆಲಸ, ಆಯ್ತು" ಅಂದು ಇಳಿದು ಹೋದಳು.

ಆ ಮಧ್ಯಾಹ್ನ ಮಗ ಊಟಕ್ಕೆ ಕೂತಾಗ ಅವನೇ ತೆಗೆದ. "ಕೂತ್ಕೊಂಡ್ರೆ ಏನವ್ವ, ಹತ್ತು ನಿಮಿಷದ ಕೆಲಸ." ಅವನಿಗೆ ಮನಸ್ಸಿತ್ತು. ಇದನ್ನು ನಾನು ಬರೆಯಲೇಬೇಕು. ಮನಸ್ಸಿದ್ದವನನ್ನು ನಾನೇ ತಡೆದೆ. "ಹತ್ತು ನಿಮಿಷ ಅಲ್ಲೋ, ಸಾಯೋ ತನಕ. ಆ ಕೂಸು ದೊಡ್ಡವಳಾದಾಗ ಗರಿ ಹೊತ್ತುಕೊಂಡು ಲೈನ್ ಮನೆಗೆ ಹೋಗ್ತೀಯಾ? ಹೋದರೆ ನನ್ನ ಹೆಣ ದಾಟಿಕೊಂಡು ಹೋಗು" ಅಂದೆ. ಅವನು ಮಜ್ಜಿಗೆ ಅನ್ನ ಕಲಸಿಕೊಂಡು ಸುಮ್ಮನಾದ. ಸುಮ್ಮನಾಗುವುದು ಅವನಿಗೆ ಯಾವಾಗಲೂ ಸುಲಭ.

ಮರುದಿನ ಬೆಳಗ್ಗೆ ನಾನು ಹಿತ್ತಲಲ್ಲೇ ಇದ್ದೆ. ಪಾತ್ರೆ ತೊಳೆದಾದ ಮೇಲೂ ಇದ್ದೆ. ಗೋಡೆ ಮೇಲೆ ತಲೆ ಬರಲಿಲ್ಲ. ಒಂದು ಒಳಲೆಗೆ ಏಳು ದಿನ ಬಂದವಳು, ಇದಕ್ಕೆ ಎರಡನೇ ಸಲ ಬರಲಿಲ್ಲ. ಬಂದಿದ್ದರೆ ಏನನ್ನುತ್ತಿದ್ದೆನೋ ನನಗೂ ಗೊತ್ತಿಲ್ಲ.

ಗೊತ್ತು ಮಾಡಿದ ದಿನ ಎಲ್ಲರೂ ಗುಡಿಗೆ ಹೋದೆವು. ಏನಾಗುತ್ತದೆ ಅಂತ ನೋಡೋಕೆ. ಬೇವಿನ ಮರದ ಕೆಳಗೆ ಮಣೆ ಹಾಕಿತ್ತು. ಕ್ಷೌರದ ಮುದುಕ ಕತ್ತಿ ಮಸೆದು ಕೂತಿದ್ದ, ಕಿವಿ ಚುಚ್ಚೋಕೆ ಅಕ್ಕಸಾಲಿ ಬಂದಿದ್ದ. ಸಬಿತಾ ಹಳದಿ ಸೀರೆ ಉಟ್ಟು ಮಗುವನ್ನು ಅವುಚಿಕೊಂಡಿದ್ದಳು. ಅವಳ ಗಂಡ ಭುಜದ ಮೇಲೆ ಹೊಸ ಟವಲ್ಲು ಹಾಕಿಕೊಂಡು ಎಲ್ಲರ ಮುಖ ನೋಡುತ್ತಿದ್ದ. ಧರ್ಮಕರ್ತ ಕಟ್ಟೆ ಮೇಲೆ. ಗಂಡಸರೆಲ್ಲ ಕಂಬ ಹಿಡಿದುಕೊಂಡು. ನನ್ನ ಮಗ ನೆಲ ನೋಡುತ್ತಿದ್ದ.

"ಮಾಮ ಯಾರು? ಬಂದು ಕೂತ್ಕೊಳ್ಳಲಿ" ಅಂದ ಕ್ಷೌರದವನು.

ಕಂಬ ಹಿಡಿದವರು ಕಂಬ ಬಿಡಲಿಲ್ಲ. ಮಗು ಅಕ್ಕಸಾಲಿಯ ಡಬ್ಬಿ ನೋಡಿ 'ಬ್ಯಾಡ' ಅಂತ ಅಳೋಕೆ ಶುರು ಮಾಡಿತು.

ನಮ್ಮವಳು ಹೋಗಿ ಸಬಿತಾಳ ಗಂಡನ ಭುಜದ ಟವಲ್ಲು ತೆಗೆದಳು. ತನ್ನ ಭುಜಕ್ಕೆ ಹಾಕಿಕೊಂಡಳು. ಮಂಡಿ ನೋವಿನ ಹೆಂಗಸು, ಒಂದು ಕೈ ನೆಲಕ್ಕೆ ಊರಿ, ಅಮ್ಮಾ ಅಂತ ನರಳಿ ಮಣೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಕೊಡು ಇಲ್ಲಿ" ಅಂತ ಮಗುವನ್ನು ತೊಡೆ ಮೇಲೆ ಎಳೆದುಕೊಂಡಳು.

"ನಾನೇ ಮಾಮ. ನೀರು ಹಚ್ಚಪ್ಪ."

ಧರ್ಮಕರ್ತ ಎದ್ದು ನಿಂತ. "ಏಯ್, ಏನಿದು ಆಟ? ಹೆಂಗಸು ಎಲ್ಲಾದರೂ ಮಾಮ ಆಗೋದುಂಟಾ?"

"ಗಂಡಸರು ಯಾರೂ ಆಗಲಿಲ್ಲವಲ್ಲ ಸ್ವಾಮಿ, ಏನ್ ಮಾಡ್ಲಿ?" ಅಂದಳು. ಜೋರಾಗಿ ಅಲ್ಲ. ರಾಗಿ ಕೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ. "ಹರಕೆ ಕಟ್ಟಿಕೊಂಡವಳು ನಾನು. ಬೇಡ ಅನ್ನೋದಾದ್ರೆ ಅವಳು ಅನ್ನಲಿ" ಅಂತ ಗರ್ಭಗುಡಿ ಕಡೆ ಕೈ ತೋರಿಸಿದಳು.

ಚೌಡಮ್ಮ ಏನೂ ಅನ್ನಲಿಲ್ಲ. ಕ್ಷೌರದ ಮುದುಕ ಯಾರ ಮುಖವನ್ನೂ ನೋಡದೆ ಚೊಂಬಿಗೆ ಕೈ ಅದ್ದಿ ಮಗುವಿನ ತಲೆ ನೆನೆಸಿದ. ಅವನೊಬ್ಬನೇ ಅವತ್ತು ಆ ಗುಡಿಯಲ್ಲಿದ್ದ ಗಂಡಸು.

ಅವತ್ತಿನಿಂದ ಸಬಿತಾ ಅವಳನ್ನು 'ಭಾಯಿ' ಅಂತ ಕರೆಯೋಕೆ ಶುರು ಮಾಡಿದಳು. ಅವರ ಮಾತಿನಲ್ಲಿ ಅಣ್ಣ ಅಂತ. ಮಿಲಿ ಕರೆದದ್ದು 'ಮಾಮ'. ಸೀರೆ ಉಟ್ಟ ಮಾಮ ಅಂತ ಬೀದಿ ಹುಡುಗರು ಹಿಂದೆ ಹಿಂದೆ ಕೂಗುತ್ತಿದ್ದರು. ನಾನೂ ಒಂದು ಸಲ ಛೇಡಿಸಿದೆ. "ಏನ್ ಮಾಮ, ಮೀಸೆ ಯಾವಾಗ ಬಿಡ್ತೀಯ?" ಅಂದೆ. "ನಿನ್ನ ಮಗನಿಗೆ ಇದೆಯಲ್ಲ ಅಕ್ಕ, ಸಾಕು ಬಿಡು" ಅಂದಳು. ನಾನು ಆಮೇಲೆ ಆ ಮಾತು ಎತ್ತಲಿಲ್ಲ.

ಮಾಮನ ಕೆಲಸ ಒಂದೂ ಬಿಡಲಿಲ್ಲ. ದೀಪಾವಳಿಗೆ, ಪೊಂಗಲ್‌ಗೆ ಬನಿಯನ್ ಬಟ್ಟೆಯಲ್ಲಿ ತಾನೇ ಗೌನು ಹೊಲಿದು ತಟ್ಟೆಯಲ್ಲಿ ಹೂವು ಹಣ್ಣು ಇಟ್ಟು ಲೈನ್ ಮನೆಗೆ ತಗೊಂಡು ಹೋಗುತ್ತಿದ್ದಳು. ನಡುಬೀದಿಯಲ್ಲೇ ಹೋಗುತ್ತಿದ್ದಳು, ಎಲ್ಲರಿಗೂ ಕಾಣೋ ಹಾಗೆ. ಮಿಲಿ ಸ್ಕೂಲಿಗೆ ಸೇರಿದಳು. ಹೋದ ಮಾಸಿ ತಿಂಗಳಲ್ಲಿ, ಶಿವರಾತ್ರಿ ಹೊತ್ತಿಗೆ, ಸಬಿತಾಳಿಗೆ ಗಂಡು ಮಗು ಆಯಿತು. ಅದನ್ನೂ ನಮ್ಮವಳೇ ಎತ್ತಿಕೊಂಡು ಬಂದಳು. ಮತ್ತೆ ಕಲ್ಲು, ಮತ್ತೆ ಹರಳೆಣ್ಣೆ, ಮತ್ತೆ ಕಿರುಚಾಟ.

ಆಡಿ ತಿಂಗಳ ಮೊದಲ ವಾರ, ಬೆಳಗ್ಗೆ. ಗಂಡು ಮಗುವನ್ನು ಮೀಯಿಸಿ, ಹೊಗೆ ಹಾಕಿ, ತೊಟ್ಟಿಲಲ್ಲಿ ಮಲಗಿಸಿ, ಒದ್ದೆ ಸೀರೆಯಲ್ಲೇ ಬಾಗಿಲ ಬಳಿ ಕೂತಳು. ಕೂತವಳು ಏಳಲಿಲ್ಲ. ಮಗು ಎದ್ದು ಅಳುವುದು ಕೇಳಿ ನಾನು ಹೋಗಿ ನೋಡಿದೆ. ಮಗು ಅತ್ತರೆ ಅವಳು ಏಳದೆ ಇರುವುದಿಲ್ಲ. ಅದರಿಂದಲೇ ಗೊತ್ತಾಯಿತು.

ಹೆಂಗಸು ಸತ್ತರೆ ತವರು ಮನೆಯಿಂದ ಹೊಸ ಸೀರೆ ಬರಬೇಕು, ಇಲ್ಲಿ ಕೋಡಿ ಅನ್ನುತ್ತಾರೆ. ಅದನ್ನು ಹೊದಿಸಿದ ಮೇಲೇ ಹೆಣ ಎತ್ತುವುದು. ಅವಳಿಗೆ ತವರು ಎಲ್ಲಿದೆ? ಒಬ್ಬಳೇ ಮಗಳು, ಹೆತ್ತವರು ಯಾವತ್ತೋ ಹೋದರು. ನೀರು ಹಾಕಿ, ಅರಿಶಿನ ಹಚ್ಚಿ, ಬೆಂಚಿನ ಮೇಲೆ ಮಲಗಿಸಿ ಕಾದದ್ದೇ ಕಾದದ್ದು. ಗಂಡಸರು ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಚರ್ಚೆ ಮಾಡಿದರು. ದೂರದ ದಾಯಾದಿ ಯಾರಾದರೂ ಇದ್ದಾರಾ? ಕಾಂಗೇಯಂ ಕಡೆ ಎಣ್ಣೆ ಮಿಲ್ಲಿನಲ್ಲಿ ಯಾರೋ ಇದ್ದನಂತೆ, ಫೋನ್ ನಂಬರು ಯಾರ ಹತ್ತಿರ ಇದೆ? ಅಂಗಡಿಯಿಂದ ತಂದು ಹಾಕಿದರೆ ಯಾರ ಹೆಸರಿನಲ್ಲಿ ಹಾಕೋದು? ಟೀ ಬಂತು, ಕುಡಿದರು. ಬಿಸಿಲು ಅವಳ ಮುಖದ ಮೇಲೆ ಬಂತು. ಯಾರೂ ಬೆಂಚು ಸರಿಸಲಿಲ್ಲ. ನಾನೇ ಹೋಗಿ ಕೊಡೆ ಹಿಡಿದು ನಿಂತೆ.

ಆಗ ಬಸ್ ಸ್ಟಾಪಿನ ಕಡೆಯಿಂದ ಸಬಿತಾ ಬಂದಳು. ಕಂಪೆನಿಗೆ ಫೋನ್ ಹೋಗಿತ್ತು. ಕೆಲಸದ ಬಟ್ಟೆಯಲ್ಲೇ ಇದ್ದಳು. ಒಂದು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕೆಂಪು ಸೀರೆ, ತೆಂಗಿನಕಾಯಿ, ಹೂವು. ಇನ್ನೊಂದು ಕೈಯಲ್ಲಿ ಯೂನಿಫಾರ್ಮ್ ಹಾಕಿಕೊಂಡ ಮಿಲಿ. ತಮಟೆಯವರು ಅವಳನ್ನು ನೋಡಿ, ಯಾರು ಹೇಳಿದರೋ ಏನೋ, ತವರಿನವರು ಬಂದರೆ ಬಾರಿಸುವ ಹಾಗೆ ಬಾರಿಸೋಕೆ ಶುರು ಮಾಡಿದರು.

ಧರ್ಮಕರ್ತ ಕೈ ಎತ್ತಿ ನಿಲ್ಲಿಸಿದ. "ಏನಮ್ಮ ಇದು? ಕೋಡಿ ತರೋಕೆ ನೀನು ಯಾರು ಅವಳಿಗೆ?"

ಸಬಿತಾ ಈಗ ತಮಿಳು ಕಲಿತಿದ್ದಾಳೆ, ಆದರೆ ನಿಧಾನ. ಒಂದೊಂದೇ ಮಾತು ಜೋಡಿಸಿ ಹೇಳಿದಳು. "ನನ್ನ ಮಗಳಿಗೆ ಅವರು ಮಾಮ. ನಿಮ್ಮ ಗುಡಿಯಲ್ಲೇ ಆಗಿದ್ದು. ಮಗಳಿಗೆ ಮಾಮ ಅಂದರೆ ನನಗೆ ಒಡಹುಟ್ಟಿದವರು. ಒಡಹುಟ್ಟಿದವಳು ಅಲ್ಲವಾ ತರಬೇಕಾದ್ದು?"

ಅವನು ಬಾಯಿ ತೆರೆದ. ಪದ್ಧತಿ ಅನ್ನೋಕೆ ಹೊರಟಿದ್ದ, ನನಗೆ ಗೊತ್ತು. ಕೊಡೆ ಬಿಸಾಡಿದೆ.

"ಬಾಯಿ ಮುಚ್ಚಯ್ಯ" ಅಂದೆ. ಅರವತ್ತೆಂಟು ವರ್ಷದಲ್ಲಿ ಗುಡಿಯವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. "ಮಾಮನನ್ನು ತಂದರೆ ಕೂದಲು ತೆಗೆಸ್ತೀನಿ ಅಂದೆ, ಅವಳು ಮಾಮ ಆದಳು. ಈಗ ತವರು ಬೇಕು ಅಂತೀಯ, ತವರು ಬಂದಿದೆ. ಇನ್ನೇನು ಬೇಕು ನಿಂಗೆ? ಅವತ್ತು ಕಂಬ ಹಿಡಿದು ನಿಂತವರಿಗೆ ಇವತ್ತು ಮಾತಾಡೋಕೆ ಬಾಯಿಲ್ಲ. ನನಗೂ ಇಲ್ಲ. ನನಗೆ ಕೈ ಇದೆ." ಅಂದು ಹೋಗಿ ಅವಳ ತಲೆ ಎತ್ತಿ ಹಿಡಿದೆ. "ಹೊದಿಸು" ಅಂದೆ.

ಸಬಿತಾ ಸೀರೆ ಬಿಚ್ಚಿದಳು. ಆತುರದಲ್ಲಿ ತಂದದ್ದು, ಸೆರಗಿನ ತುದಿಯಲ್ಲಿ ಎಳೆ ನೇತಾಡುತ್ತಿತ್ತು. ಗೋಡೆಯ ಮೊಳೆಯಲ್ಲಿ ಅವಳ ಕತ್ತರಿ ದಾರದ ಸಮೇತ ತೂಗಾಡುತ್ತಿತ್ತು, ನೀರು ಹಾಕುವಾಗ ನಾನೇ ತೆಗೆದು ಅಲ್ಲಿ ಹಾಕಿದ್ದು. ಸಬಿತಾ ಅದನ್ನು ತೆಗೆದುಕೊಂಡು ಸೆರಗಿನ ಪಿಸಿರು ಒಂದೊಂದಾಗಿ ಕತ್ತರಿಸಿದಳು. ಎಲ್ಲರೂ ಕಾದರು. ಕಾಯಲಿ. ಆಮೇಲೆ ಹೊದಿಸಿದಳು.

ಹದಿನಾರು ದಿನಕ್ಕೆ ಫ್ಲೆಕ್ಸು ಬಂತು. ಮಿಲಿಗೆ ಈಗ ತಮಿಳು ಓದೋಕೆ ಬರುತ್ತದೆ. ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅಜ್ಜಿ, ತಪ್ಪು ಬರ್ದಿದ್ದಾರೆ. ತಾಯಿ ಅಂತ ಹಾಕಿದ್ದಾರೆ. ಮಾಮ ಅಂತ ಹಾಕ್ಬೇಕು" ಅಂದಳು. ಆಮೇಲೆ, "ಮಾಮನ ಕೆಳಗೆ ಇರೋರೆಲ್ಲ ಯಾರು?" ಅಂತ ಕೇಳಿದಳು.

ಗಂಡು ಮಗುವಿಗೆ ಈಗ ಹನ್ನೊಂದು ತಿಂಗಳಾಗುತ್ತಾ ಬಂತು. ತಲೆ ತುಂಬ ಕೂದಲು, ಕಣ್ಣಿಗೆ ಬೀಳುತ್ತದೆ. ವರ್ಷ ತುಂಬುವುದರೊಳಗೆ ಮುಡಿ ಕೊಡಬೇಕು. ಸಬಿತಾ ಬಂದು ಕೇಳುತ್ತಾಳೆ ಅಂತ ನೋಡಿದೆ. ಬರಲಿಲ್ಲ. ಹೋದ ಭಾನುವಾರ ಮಗ ಹೊಸ ಷರ್ಟು ಹಾಕಿಕೊಂಡು ಹೊರಟಿದ್ದ. ತಡೆದೆ.

"ಫ್ಲೆಕ್ಸಿಗೆ ಮುಖ ಕೊಟ್ಟೆಯಲ್ಲ, ಈಗ ತೊಡೆ ಕೊಡು" ಅಂದೆ.

"ಅವತ್ತು ಬೇಡ ಅಂದವಳು ನೀನೇ ಅಲ್ವೇನವ್ವ?"

"ಹೌದು, ನಾನೇ. ಅವತ್ತು ಹೇಳಿದ್ದು ತಪ್ಪು. ಈಗ ಹೇಳ್ತಿದ್ದೀನಿ."

"ಅವರು ಕೇಳಲಿಲ್ಲವಲ್ಲ."

"ಕೇಳೋಳು ಸತ್ತಳು. ಈಗ ನೀನೇ ಹೋಗಿ ಕೇಳಬೇಕು. ನಡಿ."

ಇಬ್ಬರೂ ಹೋದೆವು. ಲೈನ್ ಮನೆ ಬಾಗಿಲಲ್ಲಿ ಸಬಿತಾ ಮಗುವಿಗೆ ರಾಗಿ ಹಾಲು ಕುಡಿಸುತ್ತಿದ್ದಳು, ನಮ್ಮ ಅತ್ತೆಯ ಒಳಲೆಯಲ್ಲಿ. ಎದ್ದು, "ಬನ್ನಿ ಅಮ್ಮ, ಬನ್ನಿ ಅಣ್ಣ" ಅಂದಳು. ಅಣ್ಣ ಅಂದಳು ಅಂತ ಹಿಗ್ಗಬೇಕಾಗಿಲ್ಲ, ಇಲ್ಲಿ ಬಸ್ ಕಂಡಕ್ಟರಿಗೂ ಅಣ್ಣ ಅನ್ನುತ್ತಾರೆ. ನನ್ನ ಮಗ ಕೆಮ್ಮಿದ, ಮೀಸೆ ಮುಟ್ಟಿಕೊಂಡ, ಕೊನೆಗೆ ಹೇಳಿದ. ಮುಡಿ ಕೊಡುವಾಗ ತಾನು ಕೂರುತ್ತೇನೆ, ನಿಮಗೆ ಒಪ್ಪಿಗೆಯಾದರೆ.

ಸಬಿತಾ ಮಗುವಿನ ಬಾಯಿ ಒರೆಸಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. "ಬೇಡ ಅಣ್ಣ. ಭಾಯಿ ಸೀರೆ ಒಂದು ನಮ್ಮ ಹತ್ತಿರ ಇದೆ. ಅದನ್ನ ಮಣೆ ಮೇಲೆ ಹಾಸಿ ಮಗುವನ್ನ ಕೂರಿಸ್ತೀವಿ. ಮಿಲಿ ಹಾಗೇ ಹೇಳಿದ್ದಾಳೆ" ಅಂದಳು.

ಮಗನ ಮುಖ ಕೆಂಪಗಾಯಿತು. ನನ್ನನ್ನು ನೋಡಿದ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಾನಾಗಿದ್ದರೆ ಇನ್ನೂ ನಾಲ್ಕು ಮಾತು ಸೇರಿಸಿ ಹೇಳುತ್ತಿದ್ದೆ.

"ಸರಿ ಕಣಮ್ಮ" ಅಂದೆ. ಅವನ ತೋಳು ಹಿಡಿದು ಎಳೆದೆ. "ಕೇಳೋದು ನಮ್ಮ ಕೆಲಸ, ಆಯ್ತು. ಬಾರೋ, ನಾಳೆ ಮತ್ತೆ ಬಂದು ಕೇಳೋಣ."